ಬೋರಿನ ಬಾಯಿ, ಬೀದಿಯ ಬಾಯಿ

ಮಂಡ್ಯದವರು ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು. ಗರಿಷ್ಠ 124.80 ಅಡಿ ಎಂಬುದು ಇಲ್ಲಿ ಮಗ್ಗಿಗಿಂತ ಮೊದಲು ಬಾಯಿಪಾಠವಾಗುವ ಸಂಖ್ಯೆ. ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು ಕ್ಯೂಸೆಕ್ ಎಂದು ಟೀ ಅಂಗಡಿಯಲ್ಲಿ ಲೆಕ್ಕ ಒಪ್ಪಿಸುವವರಿಗೆ ತಮ್ಮ ಮಹಡಿಯ ಮೇಲಿನ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬುದು ಮಾತ್ರ ತಿಳಿದಿರುವುದಿಲ್ಲ. ತಲೆಗೆ ಸೀಗೆಪುಡಿ ಹಚ್ಚಿಕೊಂಡ ಮೇಲೆ ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಹಾಗೆ ತಿಳಿದದ್ದು ನನ್ನ ಹೆಂಡತಿಗೆ, ಅದೂ ಹಬ್ಬದ ಬೆಳಿಗ್ಗೆ. ಬಚ್ಚಲಿನಿಂದ ಬಂದ ಕೂಗಿಗೆ ಓಡಿಹೋಗಿ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದೆ. ಮೋಟರು ಓಡಿತು. ಟ್ಯಾಂಕಿಗೆ ಒಂದು ಹನಿಯೂ ಬೀಳಲಿಲ್ಲ. ನಮ್ಮದು ಊರಂಚಿನ ಬಡಾವಣೆ. ಕಾವೇರಿ ತಮಿಳುನಾಡಿನವರೆಗೆ ಹೋಗುತ್ತಾಳೆ, ನಮ್ಮ ಬೀದಿಯವರೆಗೆ ಇನ್ನೂ ಬಂದಿಲ್ಲ. ಬೋರ್‌ವೆಲ್ಲೇ ಗತಿ.

ಬೋರ್‌ವೆಲ್ ಕೆಟ್ಟಿತೆಂಬ ಸುದ್ದಿ ಹಬ್ಬಲು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಪಕ್ಕದ ಮನೆಯಿಂದ ಎರಡು ಬಿಂದಿಗೆ ನೀರು ತಂದರೆ ಸಾಕು. ಮೊದಲು ಬಂದವರು ಆ ಪಕ್ಕದ ಮನೆಯ ನಿವೃತ್ತ ವಿಜ್ಞಾನದ ಮೇಷ್ಟ್ರು. ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ನಿಂತು ಆಂಪಿಯರ್ ಮುಳ್ಳನ್ನೇ ದಿಟ್ಟಿಸಿದರು. ಎಂದೂ ಎಂಟರ ಹತ್ತಿರ ನಿಲ್ಲುತ್ತಿದ್ದ ಮುಳ್ಳು ಐದು ಆರರ ನಡುವೆ ತೂಗಾಡುತ್ತಿತ್ತು. "ನೋಡಿ, ಮೋಟರಿಗೆ ಹೊರೆಯೇ ಇಲ್ಲ. ನೀರನ್ನು ತಳ್ಳುತ್ತಿದ್ದರೆ ಆಂಪಿಯರ್ ಏರಬೇಕಿತ್ತು" ಎಂದರು. ಅಲ್ಲಿಗೆ ಬಿಡಲಿಲ್ಲ. ಮೇಲಿನಿಂದ ಎಷ್ಟೇ ಹೀರಿದರೂ ನೀರು ಸುಮಾರು 34 ಅಡಿಗಿಂತ ಮೇಲೆ ಏರದು, ಅದಕ್ಕೆ ವಾಯುಮಂಡಲದ ಒತ್ತಡವೇ ಮಿತಿ, ಆದ್ದರಿಂದಲೇ ಆಳದ ಬೋರಿನಲ್ಲಿ ಮೋಟರನ್ನೇ ನೀರಿನೊಳಗೆ ಇಳಿಸಿ ಕೆಳಗಿನಿಂದ ತಳ್ಳಿಸುತ್ತಾರೆ ಎಂದು ವಿವರಿಸಿದರು. ಎಲ್ಲವೂ ನಿಜ. ಆದರೆ ತಲೆಯಲ್ಲಿ ಸೀಗೆಪುಡಿ ಒಣಗುತ್ತಿರುವ ಹೆಂಗಸಿಗೆ ವಾಯುಮಂಡಲದ ಒತ್ತಡವನ್ನು ವಿವರಿಸುವ ಹೊತ್ತು ಅದಾಗಿರಲಿಲ್ಲ.

ಹಬ್ಬಕ್ಕೆಂದು ಮದ್ದೂರಿನ ಕಡೆಯಿಂದ ಬಂದಿದ್ದ ಮಾವನವರು ಮೇಷ್ಟ್ರ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಲೂ ಇಲ್ಲ. "ವಿಶ್ವೇಶ್ವರಯ್ಯ ನಾಲೆಯಲ್ಲಿ ಈಗ ಕಟ್ಟುನೀರು, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ನಾಲೆ ನಿಂತರೆ ಬೋರೂ ಸೊರಗುತ್ತದೆ. ನಾಲೆ ಬಿಡಲಿ, ಇದೂ ತಾನಾಗಿ ಸರಿಹೋಗುತ್ತದೆ ಅಳಿಯಂದಿರೇ" ಎಂದು ತೀರ್ಪು ಕೊಟ್ಟು ಎಲೆ ಅಡಿಕೆಗೆ ಕೈಹಾಕಿದರು. ನಾಲೆ ಹರಿದಾಗ ಸುತ್ತಲಿನ ಬಾವಿ, ಬೋರುಗಳಲ್ಲಿ ನೀರು ಏರುವುದು ನಮ್ಮ ಸೀಮೆಯಲ್ಲಿ ಎಲ್ಲರೂ ಕಂಡ ಮಾತು. ಆದರೆ ನಾಲೆಯ ಮುಂದಿನ ಸರದಿಯವರೆಗೆ ಸ್ನಾನವಿಲ್ಲದೆ ಕೂರುವುದು ಹೇಗೆ? ನನ್ನ ತಾಯಿಯದು ಬೇರೆಯೇ ವಾದ. ಬೋರ್ ಕೊರೆಸುವಾಗ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬಂದವನು ತೋರಿಸಿದ್ದು ಈಶಾನ್ಯವನ್ನು. ಲಾರಿ ಒಳಗೆ ಬರಲು ಜಾಗವಿದ್ದದ್ದು ಆಗ್ನೇಯದಲ್ಲಿ. ಅಗ್ನಿಯ ಮೂಲೆಯಲ್ಲಿ ನೀರು ತೆಗೆದರೆ ನಿಲ್ಲುತ್ತದೆಯೇ ಎಂದು ಅವರು ಕೇಳುತ್ತಲೇ ಬಂದಿದ್ದಾರೆ. ಇಷ್ಟು ವರ್ಷ ನಿಂತಿತ್ತಲ್ಲ ಎಂದರೆ, "ಅದು ದೇವರ ದಯೆ" ಎನ್ನುತ್ತಾರೆ.

ಹೊತ್ತೇರುತ್ತಿದ್ದಂತೆ ಕಸುಬುದಾರರು ಬಂದರು. ಎಲೆಕ್ಟ್ರಿಷಿಯನ್ ಕೆಪಾಸಿಟರ್ ಬದಲಾಯಿಸಿದ, ವೋಲ್ಟೇಜ್ ನೋಡಿದ, "ಕರೆಂಟಿನದು ಏನೂ ಇಲ್ಲ ಸಾರ್, ಪೈಪಿನ ಕಡೆ ನೋಡಿಸಿ" ಎಂದ. ಪ್ಲಂಬರ್ ಬಂದು ಗೋಡೆಯ ಬುಡದಲ್ಲಿದ್ದ ಗೇಟ್ ವಾಲ್ವಿನ ಚಕ್ರವನ್ನು ಸರಸರನೆ ತಿರುಗಿಸಿ, "ಪೂರ್ತಿ ತೆರೆದೇ ಇದೆ, ಪೈಪಿನದು ಏನೂ ಇಲ್ಲ, ಮೋಟರಿನವರನ್ನು ಕರೆಸಿ" ಎಂದ. ಮೇಷ್ಟ್ರೂ ಒಮ್ಮೆ ತಿರುಗಿಸಿ ನೋಡಿದರು. ಮಾವನವರೂ ತಿರುಗಿಸಿದರು. ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನೂ ಬಂದು ಒಂದು ಕೈ ನೋಡಿ ಹೋದ. ಚಕ್ರ ಎಲ್ಲರ ಕೈಗೂ ವಿನಯದಿಂದ ತಿರುಗಿತು. ಅವರವರ ಕಸುಬಿನಲ್ಲಿ ದೋಷ ಯಾರಿಗೂ ಕಾಣುವುದಿಲ್ಲ ಎಂಬುದನ್ನು ನಾನು ಆಸ್ಪತ್ರೆಯಲ್ಲೂ ಕಂಡಿದ್ದೇನೆ, ಕಚೇರಿಯಲ್ಲೂ ಕಂಡಿದ್ದೇನೆ. ಬೋರಿನ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ: ಬೆರಳು ತೋರಿಸಲು ನೆಲದಡಿಯ ಕತ್ತಲೆ ಸದಾ ಸಿದ್ಧವಾಗಿರುತ್ತದೆ.

ಮೋಟರ್ ಎತ್ತುವವರು ಮಧ್ಯಾಹ್ನ ವಾಹನದೊಂದಿಗೆ ಬಂದರು. ಮೇಸ್ತ್ರಿ, ಇಬ್ಬರು ಆಳುಗಳು, ಮೀಸೆ ಮೂಡದ ಒಬ್ಬ ಹುಡುಗ. ಬೀದಿಯವರು ಕುರ್ಚಿ ಹಾಕಿಕೊಂಡು ಕುಳಿತರು. ಬೋರಿನ ಬಾಯಿಯಲ್ಲಿ ಯೂನಿಯನ್ ಎಂಬ ಪೈಪಿನ ಜೋಡಣೆಯನ್ನು ಬಿಚ್ಚಿ ಮೊದಲ ಪೈಪನ್ನು ಅಲುಗಿಸಿದ್ದೇ ತಡ, ನೀರು ಭಳ್ಳನೆ ಉಕ್ಕಿ ಎಲ್ಲರ ಕಾಲ ಮೇಲೆ ಹರಿಯಿತು. ಮೇಷ್ಟ್ರು ಪಂಚೆ ಎತ್ತಿಕೊಂಡರು. ಮಾವನವರು ಹೊಸ ಚಪ್ಪಲಿಯನ್ನು ಕೈಗೆ ತೆಗೆದುಕೊಂಡರು. ಬಳಿಕ 20 ಅಡಿಯ ಒಂದೊಂದೇ ಕಬ್ಬಿಣದ ಪೈಪು ಮೇಲೆ ಬರತೊಡಗಿತು. ಕ್ಲ್ಯಾಂಪ್ ಹಾಕು, ಬಿಚ್ಚು, ಹಿಡಿ, ಬಿಡಬೇಡ ಎಂಬ ಕೂಗಾಟ. ಪ್ರತಿ ಜೋಡಣೆ ಬಿಚ್ಚುವಾಗಲೂ ನೀರು, ಪ್ರತಿ ಸಲವೂ ಮೇಷ್ಟ್ರ ಪಂಚೆ. ಕ್ಲ್ಯಾಂಪ್ ಜಾರಿ ಪೈಪುಗಳ ಸಮೇತ ಮೋಟರು ಪಾತಾಳ ಸೇರಿದ ಕಥೆಯನ್ನು ಎದುರು ಮನೆಯವರು ಇದೇ ಹೊತ್ತಿನಲ್ಲಿ ನನಗೆ ಹೇಳಬೇಕೆ? ಹೇಳಿದರು, ಸವಿಸ್ತಾರವಾಗಿ, ಆದ ನಷ್ಟದ ಲೆಕ್ಕದ ಸಮೇತ.

ಕೊನೆಗೆ ಮೋಟರು ಮೇಲೆ ಬಂತು. ಡ್ರಮ್ಮಿನಲ್ಲಿ ನೀರು ತುಂಬಿ ಅದರೊಳಗೆ ಇಳಿಸಿ ಓಡಿಸಿದರೆ ಕಾಂಪೌಂಡಿನಾಚೆ ನಿಂತಿದ್ದ ಸ್ಕೂಟರ್ ತೊಳೆಯುವಷ್ಟು ರಭಸದಿಂದ ಚಿಮ್ಮಿತು. ಆ ಡ್ರಮ್ಮಿನ ನೀರೂ ಪಕ್ಕದ ಮನೆಯದೇ. ಮೇಸ್ತ್ರಿ ಸ್ವಲ್ಪ ಹೊತ್ತು ಮೌನವಾಗಿದ್ದು, ಮೋಟರು ಚೆನ್ನಾಗಿದೆ ಎಂದು ದುಃಖದಿಂದ ಹೇಳಿದ. ಮತ್ತೆ ಎಲ್ಲವನ್ನೂ ಇಳಿಸಿ, ಯೂನಿಯನ್ ಬಿಗಿದು, ಗುಂಡಿ ಒತ್ತಿದರು. ಮುಳ್ಳು ಐದು ಆರರ ನಡುವೆ. ಟ್ಯಾಂಕು ಒಣ ಒಣ. "ಹಾಗಾದರೆ ಬೋರೇ ಬತ್ತಿದೆ ಸಾರ್. ಬೇರೆ ಕೊರೆಸಬೇಕು" ಎಂದ ಮೇಸ್ತ್ರಿ. "ಈಶಾನ್ಯದಲ್ಲಿ" ಎಂದರು ಅಮ್ಮ.

ಆಗ ಬಾಯಿ ತೆರೆದದ್ದು ಆ ಹುಡುಗ. "ಅಣ್ಣ, ಬಿಚ್ಚುವಾಗ ಪೈಪಿನ ತುಂಬ ನೀರಿತ್ತಲ್ಲ?"

ಎಲ್ಲರೂ ಅವನನ್ನೇ ನೋಡಿದೆವು. ಮೋಟರಿನ ಮೇಲಿರುವ ನಾನ್ ರಿಟರ್ನ್ ವಾಲ್ವ್ ಒಮ್ಮೆ ಏರಿದ ನೀರನ್ನು ಕೆಳಗೆ ಜಾರಲು ಬಿಡುವುದಿಲ್ಲ. ಬೋರಿನ ಬಾಯಿಯವರೆಗೂ ಪೈಪು ತುಂಬಿತ್ತೆಂದರೆ ಮೋಟರು ಬೆಳಗಿನಿಂದ ತನ್ನ ಕೆಲಸ ಮಾಡಿಯೇ ಇತ್ತು. ಆ ಸಾಕ್ಷಿ ನಮ್ಮೆಲ್ಲರ ಕಾಲ ಮೇಲೆ ಹರಿದುಹೋಗಿತ್ತು. ನಾವು ಚಪ್ಪಲಿ ಉಳಿಸಿಕೊಳ್ಳುವುದರಲ್ಲಿದ್ದೆವು. ಹುಡುಗ ಸ್ಪ್ಯಾನರ್ ತೆಗೆದುಕೊಂಡು ನೇರವಾಗಿ ಗೋಡೆಯ ಬುಡದ ವಾಲ್ವಿಗೆ ಹೋಗಿ ಅದರ ತಲೆಯನ್ನೇ ಬಿಚ್ಚಿದ. ಚಕ್ರವಿತ್ತು, ಚಕ್ರದ ಕಡ್ಡಿಯೂ ಇತ್ತು. ಕಡ್ಡಿಯ ತುದಿಯಲ್ಲಿರಬೇಕಾದ ಹಿತ್ತಾಳೆಯ ತಟ್ಟೆ ಮಾತ್ರ ಕಳಚಿಕೊಂಡು ಕೆಳಗೆ ಬಿದ್ದು, ದಾರಿಗೆ ಅಡ್ಡಲಾಗಿ ಕಚ್ಚಿ ಕುಳಿತಿತ್ತು. ಗಡಸು ನೀರಿನ ಬಿಳಿ ಉಪ್ಪು ಸುತ್ತ ಕಟ್ಟಿಕೊಂಡಿತ್ತು, ಅದರ ಕೊರಳು ತುಂಡಾಗಿತ್ತು. ಮುಂದೆ ದಾರಿ ಮುಚ್ಚಿದ್ದರೂ ಪಂಪಿನ ಆಂಪಿಯರ್ ಇಳಿಯುತ್ತದೆ, ಕೆಳಗೆ ನೀರಿಲ್ಲದಿದ್ದರೂ ಇಳಿಯುತ್ತದೆ. ಮುಳ್ಳು ಸುಳ್ಳು ಹೇಳಿರಲಿಲ್ಲ, ಎರಡರಲ್ಲಿ ಯಾವುದು ಎಂದು ಹೇಳಿರಲಿಲ್ಲ ಅಷ್ಟೆ.

ಬೆಳಿಗ್ಗೆಯೇ ಬೋರಿನ ಬಾಯಿಯ ಯೂನಿಯನ್ ಬಿಚ್ಚಿ ಮೋಟರು ಓಡಿಸಿದ್ದರೆ ಐದು ನಿಮಿಷದಲ್ಲಿ ವಿಷಯ ಮುಗಿಯುತ್ತಿತ್ತು. ಅಲ್ಲಿ ನೀರು ಬಂದರೆ ತೊಂದರೆ ನೆಲದ ಮೇಲಿನದು, ಬಾರದಿದ್ದರೆ ನೆಲದಡಿಯದು. ಹೊಸ ಬಾಲ್ ವಾಲ್ವ್ ಹಾಕಿದ ಕೂಡಲೇ ಟ್ಯಾಂಕಿನಲ್ಲಿ ನೀರಿನ ಸದ್ದು ಕೇಳಿಸಿತು. ಒಳಗಿನಿಂದ ಬಚ್ಚಲ ಬಾಗಿಲು ಹಾಕಿಕೊಂಡ ಸದ್ದೂ ಕೇಳಿಸಿತು.

ಮೇಸ್ತ್ರಿ ಬಿಲ್ಲು ಕೊಟ್ಟ. ಎತ್ತಿದ್ದಕ್ಕೆ ಒಂದು, ಇಳಿಸಿದ್ದಕ್ಕೆ ಒಂದು. "ಮೋಟರು ಕೆಟ್ಟೇ ಇರಲಿಲ್ಲವಲ್ಲಪ್ಪ?" ಎಂದೆ.

"ಕೆಟ್ಟಿಲ್ಲ ಎಂದು ತಿಳಿಯಬೇಕಾದರೂ ಎತ್ತಲೇಬೇಕಲ್ಲ ಸಾರ್" ಎಂದ. ಹುಡುಗನ ಕೈಗೆ ನಾನು ಬೇರೆಯಾಗಿ ಕೊಟ್ಟ ನೋಟನ್ನೂ ಒಮ್ಮೆ ಅಳೆದು ನೋಡಿದ.

ಮುರಿದ ಹಿತ್ತಾಳೆ ತಟ್ಟೆಯನ್ನು ಗುಜರಿಗೆ ಹಾಕೋಣವೆಂದು ಹುಡುಕಿದರೆ ಸಿಗಲಿಲ್ಲ. ಅದನ್ನು ಮೇಷ್ಟ್ರು ಜೇಬಿಗೆ ಹಾಕಿಕೊಂಡಿದ್ದರು. ಈಗ ಬೆಳಿಗ್ಗೆ ಹಾಲಿನ ಬೂತಿನ ಸಾಲಿನಲ್ಲಿ ಅದನ್ನು ಹೊರತೆಗೆದು, ಆಂಪಿಯರ್ ನೋಡಿದ ಕ್ಷಣವೇ ತಮಗೆ ಅನುಮಾನ ಬಂದಿತ್ತೆಂದು ಹೇಳುತ್ತಿದ್ದಾರಂತೆ. ಅವರ ಕಥೆಯಲ್ಲಿ ಹುಡುಗ ಇನ್ನೂ ಬಂದಿಲ್ಲ.