ಪಾಸ್‌ಪೋರ್ಟಿನ ಬಣ್ಣದ ಇಂಗ್ಲಿಷ್

ದಕ್ಷಿಣ ಕೊರಿಯಾದ ಮಕ್ಕಳಿಗೆ ಇಂಗ್ಲಿಷ್ ಕಲಿಸಬಲ್ಲವರು ಭೂಮಿಯ ಮೇಲೆ ಏಳೇ ದೇಶಗಳಲ್ಲಿ ಸಿಗುತ್ತಾರೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ. ವಿದೇಶಿ ಭಾಷಾ ಶಿಕ್ಷಕರಿಗೆ ಕೊರಿಯಾ ಕೊಡುವ ಇ-2 ವೀಸಾದ ಸಾಮಾನ್ಯ ನಿಯಮ ಹಾಗೆ ಹೇಳುತ್ತದೆ. ಈ ಏಳರಲ್ಲಿ ಒಂದರ ಪಾಸ್‌ಪೋರ್ಟ್ ಕೈಯಲ್ಲಿದ್ದರೆ ಪದವಿ ಭೂಗರ್ಭಶಾಸ್ತ್ರದಲ್ಲಿದ್ದರೂ ನಡೆಯುತ್ತದೆ, ಹೋಟೆಲ್ ಮ್ಯಾನೇಜ್‌ಮೆಂಟಿನಲ್ಲಿದ್ದರೂ ನಡೆಯುತ್ತದೆ. ಬೆಳಗಾವಿಯಲ್ಲಿ ಇಂಗ್ಲಿಷ್ ಎಂ.ಎ., ಬಿ.ಎಡ್. ಮುಗಿಸಿ, ಹೈಸ್ಕೂಲಿನ ಮಕ್ಕಳಿಗೆ ವರ್ಷಗಟ್ಟಲೆ ವ್ಯಾಕರಣ ಅರೆದು ಕುಡಿಸಿದ ಶಿಕ್ಷಕಿಗೆ ಮಾತ್ರ ಆ ಹೆಬ್ಬಾಗಿಲು ತೆರೆಯುವುದಿಲ್ಲ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದ ನಮ್ಮವರಿಗೂ ಒಂದು ಕಿಂಡಿ ಕೊರೆದಿದೆ. ಆದರೆ ಅದು ಸಹಾಯಕ ಶಿಕ್ಷಕರ ಕಿಂಡಿ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು.

ಬೆಳಗಾವಿ ಕ್ಯಾಂಪಿನ, ಅಂದರೆ ದಂಡುಪ್ರದೇಶದ, ಸೇಂಟ್ ಪಾಲ್ಸ್ ಹೈಸ್ಕೂಲು ಆರಂಭವಾದದ್ದು 1856ರಲ್ಲಿ. ಕೆನಡಾ ಒಕ್ಕೂಟವಾದದ್ದು 1867ರಲ್ಲಿ, ಆಸ್ಟ್ರೇಲಿಯಾ 1901ರಲ್ಲಿ. ಅಂದರೆ, ಇಂದು ಹುಟ್ಟಾ ಇಂಗ್ಲಿಷಿನವೆಂದು ಮುದ್ರೆ ಒತ್ತಿಸಿಕೊಂಡಿರುವ ಈ ಎರಡು ದೇಶಗಳ ತೊಟ್ಟಿಲ ಶಾಸ್ತ್ರವೇ ಆಗದಿದ್ದ ಕಾಲಕ್ಕೆ ನಮ್ಮ ಕ್ಯಾಂಪಿನಲ್ಲಿ ಇಂಗ್ಲಿಷ್ ಶಾಲೆಯ ಗಂಟೆ ಬಾರಿಸುತ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರ ಮನೆಮಾತು ಇಂಗ್ಲಿಷ್. ಉಳಿದ ಒಂಬತ್ತು ಮಂದಿಗೂ ಪಾಸ್‌ಪೋರ್ಟೇ ಆ ಭಾಷೆಯನ್ನು ದಯಪಾಲಿಸುತ್ತದೆ. ಇತ್ತ ನಮ್ಮ ಸಂವಿಧಾನದ 348ನೆಯ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿನ ಕಲಾಪ ನಡೆಯುವುದೇ ಇಂಗ್ಲಿಷಿನಲ್ಲಿ. ನೂರಾರು ಪುಟಗಳ ತೀರ್ಪು ಬರೆದು ನಿವೃತ್ತರಾದ ನ್ಯಾಯಮೂರ್ತಿಗಳಿಗೂ ಕೊರಿಯಾದ ರಾಜಧಾನಿ ಸೋಲ್ ನಗರದ ಟ್ಯೂಷನ್ ಕ್ಲಾಸಿನಲ್ಲಿ ಎ ಫಾರ್ ಆ್ಯಪಲ್ ಹೇಳಿಕೊಡುವ ಯೋಗ್ಯತೆ ಇಲ್ಲವೆಂದು ತಿಳಿದಾಗ, ನಮ್ಮ ನ್ಯಾಯಾಂಗದ ಬಗ್ಗೆ ಮರುಕ ಉಂಟಾಗುತ್ತದೆ.

ಇಂತಹ ಲೋಕಕ್ಕೆ ಬೆಳಗಾವಿಯ ಟಿಳಕವಾಡಿಯ ಒಂದು ಮಹಡಿಯ ಮೇಲಿನ ಕೋಚಿಂಗ್ ಕ್ಲಾಸು ಟಿಕೆಟ್ ಮಾರುತ್ತದೆ. ಗೋಡೆಯ ತುಂಬ ಭೂಗೋಳ ಹಿಡಿದ ಬಿಳಿಯ ಯುವತಿಯ ಚಿತ್ರವಿದೆ; ಅವಳ ಕೆಳಗೆ ವಿದೇಶಿಯರಿಗೆ ಇಂಗ್ಲಿಷ್ ಕಲಿಸುವ ತರಬೇತಿಯಾದ ಟೆಫಲ್‌ನ 120 ಗಂಟೆಗಳ ಕೋರ್ಸು, ಕಂತಿನಲ್ಲಿ ಫೀ, ಚಿನ್ನದ ಬಣ್ಣದ ಸರ್ಟಿಫಿಕೇಟು. ಶಿಕ್ಷಕಿ ಹಣ ಕಟ್ಟಿ, ಗಂಟೆಗಳನ್ನೆಲ್ಲ ಮುಗಿಸಿದ ಮೇಲೆ ಸಂಚಾಲಕರು ಸಮಾಧಾನದಿಂದ ನುಡಿಯುತ್ತಾರೆ: ‘ಮೇಡಮ್ಮರ, ನಿಮ್ಮ ಗ್ರಾಮರ್ ಭಾಳ ಚಲೋ ಐತ್ರಿ. ಪಾಸ್‌ಪೋರ್ಟ್ ಒಂದ ನೋಡ್ರಿ ಅಡ್ಡ ಬರೂದು.’ ಈ ಮಾತನ್ನು ಫೀ ಕಟ್ಟುವ ಮೊದಲು ಹೇಳಿದರೆ ವ್ಯಾಪಾರ ಧರ್ಮಕ್ಕೆ ಚ್ಯುತಿ ಬರುತ್ತದೆ ಎಂಬುದನ್ನು ನಾವೂ ಅರ್ಥಮಾಡಿಕೊಳ್ಳಬೇಕು.

ಬೇರೆ ದೇಶಗಳಿಗೆ ಪ್ರಯತ್ನಿಸುವವರು ತಮ್ಮ ಇಂಗ್ಲಿಷನ್ನು ಪುರಾವೆ ಸಮೇತ ಒಪ್ಪಿಸಬೇಕು. ಅದಕ್ಕೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಇದೆ, ಅದರ ಅಂಕಗಳಿಗೆ ಸಾಮಾನ್ಯವಾಗಿ ಎರಡು ವರ್ಷಗಳ ಆಯುಷ್ಯವಿದೆ. ನಮ್ಮ ಕುಂದಾದ ಡಬ್ಬಿಯಂತೆ ಭಾರತೀಯರ ಇಂಗ್ಲಿಷಿಗೂ ‘ಇಂತಹ ದಿನಾಂಕದೊಳಗೆ ಬಳಸಿ’ ಎಂಬ ಚೀಟಿ ಅಂಟಿರುತ್ತದೆ. ಇದಲ್ಲದೆ, ಇಂಗ್ಲಿಷ್ ಎಂ.ಎ.ಯನ್ನು ಇಂಗ್ಲಿಷಿನಲ್ಲೇ ಓದಲಾಗಿದೆ ಎಂಬ ಪ್ರಮಾಣಪತ್ರವನ್ನೂ ಕೇಳುವವರಿದ್ದಾರೆ. ವಿಶ್ವವಿದ್ಯಾಲಯದ ಗುಮಾಸ್ತರು ಚಲನ್ ಕಟ್ಟಿಸಿಕೊಂಡು, ಮೂರು ಟೇಬಲ್ ದಾಟಿಸಿ, ಎರಡು ಕಾಗುಣಿತದ ತಪ್ಪುಗಳಿರುವ ಒಂದು ಪತ್ರವನ್ನು ಕೊಡುತ್ತಾರೆ. ಶಿಕ್ಷಕಿಯ ಇಂಗ್ಲಿಷಿಗೆ ಆ ಪತ್ರವೇ ಸಾಕ್ಷಿ. ತಪ್ಪುಗಳನ್ನು ತಿದ್ದಿಕೊಟ್ಟರೆ ಪತ್ರ ಅಸಿಂಧುವಾಗುತ್ತದೆ.

ಕೊರಿಯಾದವರನ್ನಷ್ಟೇ ದೂರಿ ಫಲವಿಲ್ಲ. ಇದೇ ಬೆಳಗಾವಿಯಲ್ಲಿ ಹೆಸರಿನ ಹಿಂದೆ ‘ಇಂಟರ್‌ನ್ಯಾಷನಲ್’ ಅಂಟಿಸಿಕೊಂಡ ಶಾಲೆಯೊಂದಕ್ಕೆ ಯಾರಾದರೂ ಬಿಳಿಯ ಪ್ರವಾಸಿಗ ದಾರಿ ತಪ್ಪಿ ಬಂದರೂ ಸಾಕು, ಹಾರ ಹಾಕಿ, ಫೋಟೋ ತೆಗೆದು, ಮರುವರ್ಷದ ಅಡ್ಮಿಷನ್ ಕರಪತ್ರದಲ್ಲಿ ಅವನನ್ನು ‘ವಿದೇಶಿ ಬೋಧಕ’ ಎಂದು ಮುದ್ರಿಸುತ್ತಾರೆ. ಪಾಲಕರು ಎರಡನೆಯ ಮಾತಿಲ್ಲದೆ ಫೀ ಕಟ್ಟುತ್ತಾರೆ. ಇಪ್ಪತ್ತು ವರ್ಷ ಪಾಠ ಮಾಡಿದ ಬೈಲಹೊಂಗಲದ ಮೇಷ್ಟ್ರ ಉಚ್ಚಾರಣೆಯಲ್ಲಿ ಮಾತ್ರ ಅವರಿಗೆ ‘ಹಳ್ಳಿ ವಾಸನೆ’ ಬಡಿಯುತ್ತದೆ.

ಇಷ್ಟು ಒಳ್ಳೆಯ ನಿಯಮವನ್ನು ನಾವು ಕನ್ನಡಕ್ಕೂ ಅಳವಡಿಸಿಕೊಳ್ಳಬಾರದೇಕೆ? ಹೊರಗಿನವರಿಗೆ ಕನ್ನಡ ಕಲಿಸುವ ಹಕ್ಕನ್ನು ಅಥಣಿ, ಗೋಕಾಕ, ಸವದತ್ತಿ, ಜಮಖಂಡಿ, ಮುಧೋಳ, ಇಂಡಿ ಮತ್ತು ಸಿಂದಗಿ ಎಂಬ ಏಳು ತಾಲೂಕುಗಳಿಗೆ ಮೀಸಲಿಡಬೇಕು. ಆಧಾರ್ ಕಾರ್ಡಿನಲ್ಲಿ ಆ ವಿಳಾಸವಿದ್ದರೆ ಕನ್ನಡ ಓದಲು ಬಾರದಿದ್ದರೂ ಚಿಂತೆಯಿಲ್ಲ. ಮೈಸೂರು, ಬೆಂಗಳೂರುಗಳ ಕನ್ನಡ ಪ್ರಾಧ್ಯಾಪಕರು ಎರಡು ವರ್ಷಕ್ಕೊಮ್ಮೆ ಗೋಕಾಕಕ್ಕೆ ಬಂದು, ಶುಲ್ಕ ಕಟ್ಟಿ, ‘ಯಾಕ್ರೀ, ಆರಾಮದೀರೇನ್ರಿ?’ ಎಂಬ ಪ್ರಶ್ನೆಗೆ ತಪ್ಪಿಲ್ಲದೆ ಉತ್ತರಿಸಿ ಹೋಗತಕ್ಕದ್ದು. ಫೇಲಾದವರಿಗೆ ಸಹಾಯಕ ಶಿಕ್ಷಕರ ಹುದ್ದೆ ಇದ್ದೇ ಇದೆ.