ಸತ್ಯಾಂಶ: ಖಾಸಗಿ ಪಾರ್ಕಿಂಗ್ ಟಿಕೆಟ್ ಹರಿದು ಬಿಸಾಡಬಹುದೇ?

"ಖಾಸಗಿ ಕಂಪನಿಯ ಪಾರ್ಕಿಂಗ್ ಟಿಕೆಟ್‌ಗೆ ಬೆಲೆಯಿಲ್ಲ, ಹರಿದು ಬಿಸಾಡಿ" ಎಂಬ ಫಾರ್ವರ್ಡ್ ಇಂಗ್ಲೆಂಡಿನಲ್ಲಿರುವ ನಮ್ಮವರಿಗೂ ಬರುತ್ತಿರುತ್ತದೆ. ಅದು ಸರಕಾರಿ ದಂಡವಲ್ಲ, ನಿಜ. ಆದರೆ 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಇಂಥ 85 ಪೌಂಡ್ ಶುಲ್ಕವನ್ನು ಎತ್ತಿಹಿಡಿದಿದೆ.

ನಿಮ್ಮ ಫ್ಲಾಟಿನದೇ ಜಾಗದಲ್ಲಿ, ಪರ್ಮಿಟ್ ಕಾಣಲಿಲ್ಲವೆಂದು ಟಿಕೆಟ್ ಅಂಟಿಸಿದ್ದರೆ ಮಾತು ಬೇರೆ. ಮೊದಲು ಲೀಸ್ ಪತ್ರ ತೆಗೆದು ಓದಿ (ಯಾರೂ ಓದಿರುವುದಿಲ್ಲ!). ಜಾಗ ನಿಮ್ಮದೆಂದಿದ್ದು, ಪರ್ಮಿಟ್ ಪ್ರಸ್ತಾಪವೇ ಇಲ್ಲದಿದ್ದರೆ ನಿಮ್ಮ ವಾದ ಗಟ್ಟಿ. ಲೀಸ್ ಕೊಟ್ಟ ಹಕ್ಕನ್ನು ಪಾರ್ಕಿಂಗ್ ಕಂಪನಿ ಬೋರ್ಡ್ ನೆಟ್ಟು ಕಸಿಯಲಾಗದು ಎಂದು 2016ರಲ್ಲಿ ಆಕ್ಸ್‌ಫರ್ಡಿನ ಕೌಂಟಿ ಕೋರ್ಟ್ ಮೇಲ್ಮನವಿಯೊಂದರಲ್ಲಿ ಹೇಳಿದೆ. ಲೀಸಿನ ಆ ಪುಟದ ಪ್ರತಿ ಲಗತ್ತಿಸಿ, ಟಿಕೆಟ್ ಬಂದ 28 ದಿನದೊಳಗೆ ಕಂಪನಿಗೆ ಬರೆಯಿರಿ. ಒಪ್ಪದಿದ್ದರೆ, ಇಂಥ ಟಿಕೆಟ್‌ಗಳ ತಕರಾರು ಕೇಳುವ ಅಲ್ಲಿನ ಸಂಸ್ಥೆಗಳಾದ ಪಾಪ್ಲಾ (POPLA) ಅಥವಾ ಐಎಎಸ್‌ಗೆ (Independent Appeals Service) ಮೇಲ್ಮನವಿ. ಕೋರ್ಟ್ ಕಾಗದ ಬಂದ ಮೇಲೂ ಸುಮ್ಮನಿದ್ದರೆ, ನಿಮ್ಮ ಮಾತು ಕೇಳದೆಯೇ ತೀರ್ಪು ಬೀಳಬಹುದು.