ವಿಮಾನಪುರದ ರನ್‌ವೇ ಸುಮ್ಮನೆ ಬಿದ್ದಿಲ್ಲ

ಬೆಳಗ್ಗೆಯಿಂದ ತಲೆ ಕೆಟ್ಟಿದೆ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ: ಯುದ್ಧವಿಮಾನಗಳ ಗಲಾಟೆಗೆ ಮಗು ಮಲಗಲ್ಲ, ಊರ ಮಧ್ಯೆ ಇಷ್ಟು ದೊಡ್ಡ ಜಾಗ ಸುಮ್ಮನೆ ಬಿದ್ದಿದೆ, ಎಚ್‌ಎಎಲ್ ರನ್‌ವೇನ ಎಲ್ಲಾದರೂ ಆಚೆ ಸಾಗಿಸಿ ಇಲ್ಲೊಂದು ಟೆಕ್ ಪಾರ್ಕ್ ಮಾಡಬಾರದಾ? ಕೆಳಗೆ ಸಾಲು ಸಾಲು ಹೆಬ್ಬೆರಳು. ಮಗುವಿನ ನಿದ್ದೆ ಬಗ್ಗೆ ನನ್ನ ತಕರಾರಿಲ್ಲ. ಆದರೆ 'ಸುಮ್ಮನೆ ಬಿದ್ದಿದೆ' ಅನ್ನೋ ಮಾತನ್ನ ನುಂಗಿಕೊಳ್ಳೋಕೆ ನನ್ನಿಂದ ಆಗ್ತಿಲ್ಲ.

ನನ್ನನ್ನು ಬಲ್ಲವರಿಗೆ ಗೊತ್ತು, ಅಪ್ಪ ಬೆಂಗಳೂರಿನ ಇದೇ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ, ವಿಮಾನ ಬಿಚ್ಚಿ ಪೂರ್ತಿ ಸರಿಮಾಡುವ ಓವರ್‌ಹಾಲ್ ವಿಭಾಗದಲ್ಲಿ ಫಿಟ್ಟರ್ ಆಗಿದ್ದರು. ನಮ್ಮ ಮನೆಯ ಗಡಿಯಾರ ಫ್ಯಾಕ್ಟರಿ ಸೈರನ್ನಿಗೆ ಸರಿಯಾಗಿ ನಡೆಯುತ್ತಿತ್ತು. ಆಯುಧಪೂಜೆಗೆ ಒಳಗೆ ಬಿಡುತ್ತಿದ್ದರು. ವಿಮಾನದ ಮೂತಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿರುತ್ತಿದ್ದರು. ಎಣ್ಣೆ, ಕರ್ಪೂರ, ರಬ್ಬರು ಮೂರೂ ಸೇರಿದ ವಾಸನೆ. ಹಾಗಾಗಿ ನಾನು ತಟಸ್ಥ ಅಂತ ಯಾರೂ ಅಂದುಕೊಳ್ಳಬೇಡಿ.

ಈ ಜಾಗಕ್ಕೆ ಊರು ಆಮೇಲೆ ಬಂತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಈ ದೇಶದಲ್ಲಿ ವಿಮಾನ ಕಾರ್ಖಾನೆ ಕಟ್ಟುತ್ತೇನೆ ಅಂತ ಹೊರಟಾಗ ಕೈ ಹಿಡಿದದ್ದು ಮೈಸೂರು ಸಂಸ್ಥಾನ. ದಿವಾನ್ ಮಿರ್ಜಾ ಇಸ್ಮಾಯಿಲ್ ಸುಮಾರು 700 ಎಕರೆ ಜಾಗ ಕೊಟ್ಟರು, ಸಂಸ್ಥಾನ ಬಂಡವಾಳವನ್ನೂ ಹಾಕಿತು. ಶಿವನಸಮುದ್ರದ ಕರೆಂಟಿತ್ತು, ಭದ್ರಾವತಿಯ ಕಬ್ಬಿಣವಿತ್ತು, ಟಾಟಾ ಇನ್‌ಸ್ಟಿಟ್ಯೂಟ್ (ಇವತ್ತಿನ ಐಐಎಸ್‌ಸಿ) ಇತ್ತು. 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್, ಅಂದರೆ ಇವತ್ತಿನ ಎಚ್‌ಎಎಲ್, ನೋಂದಣಿಯಾಯಿತು. ಮರುವರ್ಷವೇ ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಮೇಲೇರಿತು.

ಅಷ್ಟರಲ್ಲಿ ಯುದ್ಧ ಬಾಗಿಲಿಗೇ ಬಂತು. ಜಪಾನ್ ಬರ್ಮಾಕ್ಕೆ ನುಗ್ಗಿತು, ಸರ್ಕಾರ ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 1943ರಲ್ಲಿ ಇಡೀ ಜಾಗ ಅಮೆರಿಕದ ಸೇನಾ ವಾಯುಪಡೆಯ ವಶಕ್ಕೆ ಹೋಯಿತು. 84ನೇ ಏರ್ ಡಿಪೋ ಅಂತ ಅದರ ಹೆಸರು. ಡಕೋಟಾ, ಮಿಚೆಲ್, ಲಿಬರೇಟರ್ ವಿಮಾನಗಳೆಲ್ಲವೂ ರಿಪೇರಿಗೆ ಇಲ್ಲಿಗೇ. ನೀರಿನ ಮೇಲೆ ಇಳಿಯುವ ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಹೌದು, ಇವತ್ತು ನೊರೆ ಉಕ್ಕುವ ಅದೇ ಬೆಳ್ಳಂದೂರು ಕೆರೆ.

ಯುದ್ಧ ಮುಗಿದ ಮೇಲಿನ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಬ್ರಿಟಿಷರು ಹೊರಡುವಾಗ ಕಾನ್ಪುರದಲ್ಲಿ ಲಿಬರೇಟರ್ ಬಾಂಬರುಗಳನ್ನು ಬಿಟ್ಟುಹೋದರು. ಹಾಗೇ ಬಿಡಲಿಲ್ಲ. ಮತ್ತೆ ಯಾರೂ ಹಾರಿಸಬಾರದು ಅಂತ ಬುಲ್ಡೋಜರಿನಿಂದ ಗುದ್ದಿ, ಇಂಜಿನ್ನಿಗೆ ಮರಳು ಸುರಿದು, ಕಾಕ್‌ಪಿಟ್ಟಿನ ಮೀಟರುಗಳನ್ನು ಹಾಳುಮಾಡಿ ಹೋದರು. ನಮ್ಮವರು ಹೋಗಿ ಆ ಗುಜರಿಯೊಳಗಿಂದ 40ಕ್ಕೂ ಹೆಚ್ಚು ವಿಮಾನಗಳನ್ನು ಒಮ್ಮೆ ಹಾರುವಷ್ಟರ ಮಟ್ಟಿಗೆ ರಿಪೇರಿ ಮಾಡಿದರು. ಎಚ್‌ಎಎಲ್‌ನ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ನಾಲ್ಕು ಇಂಜಿನ್ನಿನ ಬಾಂಬರು, ಯಾವ ಭಾಗ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ, ಒಂದು ಆದಮೇಲೆ ಇನ್ನೊಂದು! ಅಪ್ಪನಿಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿಯೊಬ್ಬರು ಇಂಜಿನ್ ಬಿಚ್ಚಿದರೆ ಬೊಗಸೆಗಟ್ಟಲೆ ಮರಳು ಬೀಳುತ್ತಿತ್ತು ಅನ್ನುತ್ತಿದ್ದರಂತೆ. ಇಲ್ಲಿ ಪೂರ್ತಿ ಸರಿಮಾಡಿಸಿಕೊಂಡ ಆ ವಿಮಾನಗಳಿಂದಲೇ 1948ರಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾಯಿತು. 1968ರವರೆಗೂ ಲಿಬರೇಟರುಗಳು ಸೇವೆಯಲ್ಲಿದ್ದವು. ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಮ್ಮಿನಲ್ಲಿ ಇವತ್ತು ನಿಂತಿರುವ ಲಿಬರೇಟರ್ ನಮ್ಮ ವಾಯುಪಡೆಯಿಂದಲೇ ಹೋದದ್ದು. ಇದನ್ನೆಲ್ಲ ಸಾಧ್ಯವಾಗಿಸಿದ ನೆಲಕ್ಕೆ ಸುಮ್ಮನೆ ಬಿದ್ದಿರುವ ಜಾಗ ಅಂತೀರಾ?

ರಿಪೇರಿ ಅಂಗಳ ಸಂಶೋಧನೆಯ ಅಂಗಳ ಆದದ್ದು ನಿಧಾನಕ್ಕೆ. ಡಾ. ವಿ.ಎಂ. ಘಾಟ್ಗೆ ವಿನ್ಯಾಸ ಮಾಡಿದ ತರಬೇತಿ ವಿಮಾನ ಎಚ್‌ಟಿ-2 1951ರಲ್ಲಿ ಹಾರಿತು, ಹಾರಿಸಿದವರು ಅದೇ ಮುನ್ಷಿ. 1956ರಲ್ಲಿ ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬಂದರು. ಅವರು ವಿನ್ಯಾಸ ಮಾಡಿದ ಮಾರುತ್ ಯುದ್ಧಜೆಟ್ಟಿನ ಆಕಾರ ಸರಿಯಿದೆಯೇ ಅಂತ ನೋಡಲು ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ, ಡಕೋಟಾದ ಹಿಂದೆ ಕಟ್ಟಿ ಎಳೆದು ಹಾರಿಸಿದರು. ಮರದ ಯುದ್ಧವಿಮಾನ, ಇಂಜಿನ್ನೇ ಇಲ್ಲ! 1961ರ ಜೂನ್ 17ರಂದು ನಿಜವಾದ ಮಾರುತ್ ಇದೇ ರನ್‌ವೇ ಬಿಟ್ಟು ಮೇಲೆದ್ದಿತು. ಕಾಕ್‌ಪಿಟ್ಟಿನಲ್ಲಿ ಸುರಂಜನ್ ದಾಸ್.

ಆ ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ದಿನಾ ಟ್ರಾಫಿಕ್ಕಿನಲ್ಲಿ ಬೈದುಕೊಂಡು ನಿಲ್ಲುತ್ತೀರಲ್ಲ, ಆ ಸುರಂಜನ್ ದಾಸ್ ರಸ್ತೆ ಅವರದ್ದು. 1970ರ ಜನವರಿ 10ರಂದು ಮಾರುತ್‌ನ ಹೊಸ ಮಾದರಿಯನ್ನು ಪರೀಕ್ಷಿಸಲು ಹೊರಟವರು ಟೇಕಾಫ್‌ನಲ್ಲೇ ಬಿದ್ದು ತೀರಿಕೊಂಡರು. ಅಪ್ಪ ಆಗ ಅಪ್ರೆಂಟಿಸ್. ಶೆಡ್ಡಿನಿಂದ ಎಲ್ಲರೂ ಹೊರಗೆ ಓಡಿದರಂತೆ. ಮುಂದಿನದನ್ನು ಅಪ್ಪ ಯಾವತ್ತೂ ಹೇಳಲಿಲ್ಲ, ನಾನೂ ಕೆದಕಲಿಲ್ಲ.

ಮುರುಗೇಶಪಾಳ್ಯದ ವಿಂಡ್ ಟನಲ್ ರಸ್ತೆಯದ್ದೂ ಇದೇ ಪಾಡು. ಅಲ್ಲಿ ಕಾಫಿ ಕುಡಿಯುವವರಲ್ಲಿ ಎಷ್ಟು ಜನಕ್ಕೆ ಗೊತ್ತು, ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ 1.2 ಮೀಟರ್ ಗಾಳಿ ಸುರಂಗ 1967ರಿಂದ ಅಲ್ಲಿದೆ ಅಂತ? ಭಾರೀ ಟ್ಯಾಂಕುಗಳಲ್ಲಿ ಗಾಳಿಯನ್ನು ಒತ್ತಿ ತುಂಬಿಟ್ಟು ಒಮ್ಮೆಲೇ ಬಿಡುತ್ತಾರೆ. ಕೆಲವೇ ಸೆಕೆಂಡುಗಳ ಆ ಬಿರುಗಾಳಿಯಲ್ಲಿ ಪುಟ್ಟ ಮಾದರಿಯ ಮೇಲೆ ಎಷ್ಟು ಬಲ ಬಿತ್ತು ಅಂತ ಅಳೆಯುತ್ತಾರೆ. ಎಸ್‌ಎಲ್‌ವಿ-3 ರಾಕೆಟ್ಟಿನ ಮಾದರಿ, ತೇಜಸ್‌ನ ಮಾದರಿ, ಎಲ್ಲವೂ ಮೊದಲು ಆ ಗಾಳಿಗೆ ಮೈಯೊಡ್ಡಿದವು. 1973ರಲ್ಲಿ ವಾಯುಪಡೆಯ ಪರೀಕ್ಷಾ ಹಾರಾಟ ಘಟಕವೂ ಕಾನ್ಪುರದಿಂದ ಇಲ್ಲಿಗೇ ಬಂತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ತೇಜಸ್‌ನ ಮೊದಲ ಮಾದರಿಯನ್ನು ಹಾರಿಸಿ ಇಳಿಸಿದ ಸುದ್ದಿ ಟೀವಿಯಲ್ಲಿ ಬಂದಾಗ ನಮ್ಮನೆಯಲ್ಲಿ ಅಮ್ಮ ಅತ್ತಳು. ಅಪ್ಪ ಟೀವಿ ವಾಲ್ಯೂಮ್ ಜಾಸ್ತಿ ಮಾಡಿದರು.

ಗುಂಪಿನಲ್ಲಿ ಒಬ್ಬರು ಕೇಳಿದ ಪ್ರಶ್ನೆಗೆ ಮಾತ್ರ ಸ್ವಲ್ಪ ತೂಕವಿದೆ. ಮನೆಗಳ ಮೇಲೆ ಹೊಸ ವಿಮಾನ ಪರೀಕ್ಷಿಸೋದು ಅಪಾಯ ಅಲ್ವಾ ಅಂದರು. ಅಪಾಯವೇ. 2019ರ ಫೆಬ್ರವರಿ 1ರಂದು ಮಿರಾಜ್ ಯುದ್ಧವಿಮಾನ ಇಲ್ಲೇ ಬಿದ್ದು ಸ್ಕ್ವಾಡ್ರನ್ ಲೀಡರ್ ಸಮೀರ್ ಅಬ್ರೋಲ್, ಸಿದ್ಧಾರ್ಥ ನೇಗಿ ಇಬ್ಬರೂ ಹೋದರು. 2009ರ ಮಾರ್ಚಿನಲ್ಲಿ ಇಲ್ಲಿಂದ ಹೊರಟ ಸರಸ್ ವಿಮಾನ ಬಿಡದಿ ಹತ್ತಿರ ಬಿದ್ದಾಗ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ ಸೇರಿ ಮೂವರು ತೀರಿಕೊಂಡರು. ಆದರೆ ಸ್ವಾಮಿ, ಆ ಅಪಾಯವನ್ನು ಮೈಮೇಲೆ ಎಳೆದುಕೊಂಡವರು ಅವರು. ನಾವು ಕೊಟ್ಟದ್ದು ಏನು? ವಿಮಾನ ಏರುವ ಇಳಿಯುವ ದಾರಿಯಲ್ಲೇ ಮಹಡಿ ಮೇಲೆ ಮಹಡಿ ಎಬ್ಬಿಸಿದೆವು. ಪರೀಕ್ಷೆಯನ್ನೆಲ್ಲ ಚಳ್ಳಕೆರೆಯ ಪರೀಕ್ಷಾ ಮೈದಾನಕ್ಕೆ ಕಳಿಸಿ ಅನ್ನುತ್ತಾರೆ. ಪೈಲಟ್ ಇಲ್ಲದ ವಿಮಾನಗಳು ಅಲ್ಲಿ ಹಾರುತ್ತಲೇ ಇವೆ, ಒಳ್ಳೆಯದೇ. ಆದರೆ ಹೊಸ ವಿಮಾನ ಇಳಿದ ಕೂಡಲೇ ಅದರ ಹೊಟ್ಟೆ ಬಿಚ್ಚಿ ನೋಡುವ ಫಿಟ್ಟರು, ಲೆಕ್ಕ ನೋಡುವ ಇಂಜಿನಿಯರು, ರೆಕ್ಕೆ ತಿದ್ದುವ ಕಾರ್ಯಾಗಾರ ಎಲ್ಲವೂ ಕೂಗಳತೆಯಲ್ಲಿ ಇರಬೇಕು. 80 ವರ್ಷದಿಂದ ಒಂದರ ಪಕ್ಕ ಒಂದು ಬೆಳೆದುಬಂದ ಈ ಸಂಸಾರವನ್ನು ಲಾರಿಯಲ್ಲಿ ತುಂಬಿ ಕಳಿಸೋಕಾಗಲ್ಲ.

ನನಗೆ ಸಿಟ್ಟು ಆ ಗುಂಪಿನವರ ಮೇಲಷ್ಟೇ ಅಲ್ಲ. ಇದನ್ನು ಮಕ್ಕಳಿಗೆ ಯಾರೂ ಹೇಳಲಿಲ್ಲ. 2008ರಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದ ದಿನವೇ ಈ ಜಾಗದ ಕಥೆ ಮುಗಿಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮಾರತ್ತಹಳ್ಳಿ ಕಡೆ ಹೋಗುವಾಗ ಎಚ್‌ಎಎಲ್ ಮ್ಯೂಸಿಯಂ ಸಿಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಮಾರುತ್ ಪಕ್ಕ ನಿಲ್ಲಿಸಿ, ಯಾರು ಹಾರಿಸಿದ್ದು ಅಂತ ಹೇಳಿ.

ನನ್ನದೊಂದೇ ಬೇಡಿಕೆ. ಸುರಂಜನ್ ದಾಸ್ ರಸ್ತೆಯ ಎರಡೂ ತುದಿಯಲ್ಲಿ, ಅವರು ಯಾರು, ಯಾವ ವಿಮಾನ ಹಾರಿಸಿದರು, ಎಲ್ಲಿ ಹೇಗೆ ತೀರಿಕೊಂಡರು ಅಂತ ಹೇಳುವ ದೊಡ್ಡ ಫಲಕ ಬೇಕು, ಕನ್ನಡದಲ್ಲಿ. ವಿಂಡ್ ಟನಲ್ ರಸ್ತೆಗೂ ಒಂದು. ಪಾಲಿಕೆಯಲ್ಲಿ ಪರಿಚಯದವರಿದ್ದರೆ ಕಾಮೆಂಟಿನಲ್ಲಿ ಹೇಳಿ. ಒಕ್ಕಣೆ ನಾನು ಬರೆದುಕೊಡುತ್ತೇನೆ, ಓಡಾಟವೂ ನನ್ನದೇ.